ಕಣಕ ಉಬ್ಬುವ ಹೊತ್ತು: ವಿಪತ್ತಿನ ಸುದ್ದಿ ಬಂದ ಸಂಜೆ ಮನೆಯಲ್ಲೇ ಪಿಜ್ಜಾ, ಹಂತ ಹಂತವಾಗಿ

ದೊಡ್ಡದೊಂದು ವಿಪತ್ತಿನ ಸುದ್ದಿ ಬಂದ ದಿನ ಮನೆಯಲ್ಲಿ ಎರಡು ಕೆಲಸಗಳು ಕೆಡುತ್ತವೆ. ಸುದ್ದಿಯನ್ನು ಸರಿಯಾಗಿ ಮನಸ್ಸಿಗೆ ತೆಗೆದುಕೊಳ್ಳುವುದು ಒಂದು, ರಾತ್ರಿಯ ಅಡುಗೆ ಇನ್ನೊಂದು. ಟಿ.ವಿ. ಮುಂದೆ ಕುಳಿತವರು ಏಳುವುದಿಲ್ಲ. ಅದೇ ಕುಸಿದ ಗೋಡೆ, ಅದೇ ಅಳು ಇಪ್ಪತ್ತನೆಯ ಸಲ ಬರುವ ಹೊತ್ತಿಗೆ ಕಣ್ಣು ನೋಡುತ್ತಲೇ ಇರುತ್ತದೆ, ಮನಸ್ಸು ಮರಗಟ್ಟಿರುತ್ತದೆ. ಕೆಲವರು ತಾಳಲಾರದೆ ಆರಿಸಿಬಿಡುತ್ತಾರೆ. ಆಮೇಲೆ ಊಟದ ತಟ್ಟೆಯ ಮುಂದೆ ತಪ್ಪು ಮಾಡಿದವರಂತೆ ಕೂರುತ್ತಾರೆ.

2004ರ ಡಿಸೆಂಬರ್ 26ರ ಸುನಾಮಿಯ ನಂತರ ಮೂರು ರಾತ್ರಿ ನಾನು ಟಿ.ವಿ. ಮುಂದೆ ಕಳೆದೆ. ನಾಲ್ಕನೆಯ ದಿನ ಒಬ್ಬರು ಕೇಳಿದಾಗ ಸತ್ತವರ ಸಂಖ್ಯೆ ಬಿಟ್ಟು ಬೇರೇನನ್ನೂ ಹೇಳಲಾಗಲಿಲ್ಲ. ಯಾರು ಸತ್ತರು, ಏಕೆ ಅವರೇ, ಉಳಿದವರು ಹೇಗೆ ಉಳಿದರು ಎಂಬುದು ಒಂದೂ ಗೊತ್ತಿರಲಿಲ್ಲ. ಅಂದಿನಿಂದ ಇಂಥ ಸಂಜೆಗಳಲ್ಲಿ ನಾನು ಕಣಕ ಕಲಸುತ್ತೇನೆ. ಪಿಜ್ಜಾವೇ ಏಕೆಂದರೆ, ಅದರಲ್ಲಿ ಬಲವಂತಕ್ಕೆ ಬಗ್ಗದ ಕಾಯುವಿಕೆ ಇದೆ. ಕೈಗೆ ಹಿಟ್ಟು ಮೆತ್ತಿಕೊಂಡಾಗ ಮೊಬೈಲ್ ಮುಟ್ಟಲು ಆಗುವುದಿಲ್ಲ, ಮತ್ತು ಕೊನೆಗೆ ಎಲ್ಲರೂ ಒಂದೇ ಮೇಜಿಗೆ ಬರುತ್ತಾರೆ.

ಒಟ್ಟು ನಾಲ್ಕು ಗಂಟೆ ಬೇಕು. ರಾತ್ರಿ 8ಕ್ಕೆ ಊಟವಾದರೆ 4ಕ್ಕೆ ಶುರು ಮಾಡಿ. ನನಗೆ ಗೊತ್ತಿರುವ ಸೋಲುಗಳಲ್ಲಿ ಬಹುಪಾಲು ಒಂದೇ ಬಗೆಯವು: ಆರು ಗಂಟೆಗೆ ಶುರು ಮಾಡಿ, ಕಾಯುವ ಹೊತ್ತನ್ನು ಕತ್ತರಿಸಿ, ರಬ್ಬರಿನಂಥ ಪಿಜ್ಜಾ ತಿಂದದ್ದು.

ಮೊದಲು ಜೋಡಿಸಿಕೊಳ್ಳಬೇಕಾದವು

ಕಣಕಕ್ಕೆ: ಮೈದಾ 500 ಗ್ರಾಂ, ನೀರು 310 ಗ್ರಾಂ, ಉಪ್ಪು 10 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 3 ಗ್ರಾಂ (ಒಂದು ಟೀ ಚಮಚ), ಆಲಿವ್ ಎಣ್ಣೆ 15 ಗ್ರಾಂ. ಹೆಚ್ಚು ಪ್ರೋಟೀನ್ ಇರುವ ಬ್ರೆಡ್ ಹಿಟ್ಟಾದರೆ ಅದು ಹೆಚ್ಚು ನೀರು ಕುಡಿಯುತ್ತದೆ, 325 ಗ್ರಾಂ ಹಾಕಿ. ಇದರಿಂದ ನಾಲ್ಕು ಉಂಡೆಗಳಾಗುತ್ತವೆ. ಮೂರು ಈ ರಾತ್ರಿಗೆ, ನಾಲ್ಕನೆಯದು ಏಕೆ ಎಂಬುದು ಕೊನೆಗೆ ತಿಳಿಯುತ್ತದೆ.

ಮೇಲಕ್ಕೆ: ಡಬ್ಬಿಯ ಸಿಪ್ಪೆ ಸುಲಿದ ಟೊಮೆಟೊ 400 ಗ್ರಾಂ, ಒಂದು ಎಸಳು ಬೆಳ್ಳುಳ್ಳಿ, ತುಳಸಿಯ ಜಾತಿಯ ಬೇಸಿಲ್ ಎಲೆ, ತೇವ ಕಡಿಮೆ ಇರುವ ಮೊಝರೆಲ್ಲಾ ಚೀಸ್ ಪಿಜ್ಜಾ ಒಂದಕ್ಕೆ 90 ಗ್ರಾಂ.

ಸಲಕರಣೆಗಳಲ್ಲಿ ಬಿಡಲೇಬಾರದ್ದು ಅಡುಗೆಮನೆಯ ತಕ್ಕಡಿ. ಲೋಟದ ಅಳತೆಯಲ್ಲಿ ಮೈದಾ ಒಮ್ಮೆ ಸಡಿಲವಾಗಿ ತುಂಬುತ್ತದೆ, ಒಮ್ಮೆ ಒತ್ತಿಕೊಂಡು. ನೀರಿನ ಲೆಕ್ಕ ಅಲ್ಲಿಯೇ ತಪ್ಪುತ್ತದೆ. ದಪ್ಪ ಕಬ್ಬಿಣದ ಕಾವಲಿ ಅಥವಾ ಪಿಜ್ಜಾ ಕಲ್ಲು, ಪಿಜ್ಜಾ ಜಾರಿಸಲು ಅಂಚಿಲ್ಲದ ತೆಳು ಹಲಗೆ, ಸ್ವಲ್ಪ ರವೆ, ಒದ್ದೆ ಬಟ್ಟೆ ಇರಲಿ. ಜೊತೆಗೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್.

ಹಂತ 1: ಸುದ್ದಿಯನ್ನು ಒಮ್ಮೆ ನೋಡಿ, ಬರೆದು, ನಿಲ್ಲಿಸಿ (15 ನಿಮಿಷ)

ಇದು ಕಣಕಕ್ಕಿಂತ ಮೊದಲು ಆಗಬೇಕು. ಕೈ ತೊಳೆದು ತೊಳೆದು ಮತ್ತೆ ಮೊಬೈಲ್ ನೋಡುವ ಚಪಲ ಆಗ ಕಡಿಮೆಯಾಗುತ್ತದೆ.

ನೋಟ್‌ಬುಕ್‌ನಲ್ಲಿ ಬರೆಯಿರಿ: ಯಾವ ದಿನ, ಎಷ್ಟು ಗಂಟೆಗೆ (ಅಲ್ಲಿಯ ಗಂಟೆ), ಯಾವ ಊರು. ಅದರ ಕೆಳಗೆ ನಾಲ್ಕು ಸಾಲು: ಸತ್ತವರು, ಕಾಣೆಯಾದವರು, ಗಾಯಗೊಂಡವರು, ಮನೆ ಕಳೆದುಕೊಂಡವರು. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಹೇಳಿದವರು ಯಾರು, ನೀವು ಓದಿದ್ದು ಎಷ್ಟು ಹೊತ್ತಿಗೆ ಎಂಬುದು ಇರಲಿ. ಸಂಖ್ಯೆ ಸಿಗದಿದ್ದರೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ನಂತರ ಟಿ.ವಿ. ಆರಿಸಿ, ಮೊಬೈಲ್ ಬೇರೆ ಕೋಣೆಯಲ್ಲಿಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದರಲ್ಲಿ ರಿಯಾಯಿತಿ ಬೇಡ. ಮರುಪ್ರಸಾರ ಎಂಬುದು ಅವರಿಗೆ ಅರ್ಥವಾಗುವುದಿಲ್ಲ. ಅದೇ ಕಟ್ಟಡ ಹತ್ತು ಸಲ ಬಿದ್ದರೆ ಹತ್ತು ಕಟ್ಟಡ ಬಿದ್ದವೆಂದೇ ತಿಳಿಯಬಹುದು.

ಹಂತ 2: ಕಲಸಿ ಬಿಡುವುದು (5 ನಿಮಿಷದ ಕೆಲಸ, 20 ನಿಮಿಷದ ಬಿಡುವು)

ಅಗಲ ಪಾತ್ರೆಯಲ್ಲಿ ಮೈದಾ, ಯೀಸ್ಟ್, ಉಪ್ಪು ಬೆರೆಸಿ. ಉಗುರುಬೆಚ್ಚಗಿನ ನೀರು ಸುರಿದು ಒಣ ಹಿಟ್ಟು ಕಾಣದ ಹಾಗೆ ಕಲಸಿ, ಎಣ್ಣೆ ಸೇರಿಸಿ, ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. ಹಿಟ್ಟು ಈ ಹೊತ್ತಿನಲ್ಲಿ ನೀರನ್ನು ಹೀರಿಕೊಳ್ಳುತ್ತದೆ, ನಾದುವ ಶ್ರಮ ಅರ್ಧವಾಗುತ್ತದೆ.

ನೀರಿನ ಬಿಸಿಯಲ್ಲಿ ಎಡವುವವರು ಬಹಳ. ಮಣಿಕಟ್ಟಿನ ಮೇಲೆ ಹನಿಸಿದರೆ ಬಿಸಿ ಎನಿಸಬಾರದು. 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ನೀರಿನಲ್ಲಿ ಯೀಸ್ಟ್ ಸಾಯುತ್ತದೆ, ಆಮೇಲೆ ಎಷ್ಟು ಕಾದರೂ ಉಬ್ಬುವುದಿಲ್ಲ. ನಿಮ್ಮಲ್ಲಿರುವುದು ದಪ್ಪ ಕಾಳಿನ ಆ್ಯಕ್ಟಿವ್ ಡ್ರೈ ಯೀಸ್ಟ್ ಆಗಿದ್ದರೆ ಮೊದಲು ಅದೇ ಉಗುರುಬೆಚ್ಚಗಿನ ನೀರಿನಲ್ಲಿ ಚಿಟಿಕೆ ಸಕ್ಕರೆಯೊಂದಿಗೆ ಹತ್ತು ನಿಮಿಷ ನೆನೆಸಿ. ನೊರೆ ಏಳದಿದ್ದರೆ ಆ ಯೀಸ್ಟ್ ಹಳೆಯದು. ಹಿಟ್ಟನ್ನು ವ್ಯರ್ಥ ಮಾಡಬೇಡಿ.

ಹಂತ 3: ನಾದುವುದು (10 ನಿಮಿಷ)

ಇಲ್ಲಿ ಆಗುವ ತಪ್ಪು ಒಂದೇ, ಅದನ್ನು ಎಲ್ಲರೂ ಮಾಡುತ್ತಾರೆ: ಕೈಗೆ ಅಂಟುತ್ತದೆ ಎಂದು ಮತ್ತೆ ಮತ್ತೆ ಒಣ ಹಿಟ್ಟು ಉದುರಿಸುವುದು. ಹಾಗೆ ಮಾಡಿದರೆ ನೀವು ತೂಗಿ ಹಾಕಿದ ಲೆಕ್ಕವೆಲ್ಲ ಹೋಯಿತು, ಪಿಜ್ಜಾ ಬಿಸ್ಕತ್ತಿನಂತೆ ಒಡೆಯುತ್ತದೆ. ಮೊದಲ ನಾಲ್ಕು ನಿಮಿಷ ಅಂಟಲಿ. ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ, ಮಡಚಿ, ಕಾಲುಭಾಗ ತಿರುಗಿಸಿ, ಮತ್ತೆ ಒತ್ತಿ. ಸಹಿಸಲಾಗದಷ್ಟು ಅಂಟಿದರೆ ಕೈಗೆ ಎಣ್ಣೆ ಸವರಿಕೊಳ್ಳಿ.

ಐದಾರು ನಿಮಿಷ ಕಳೆದ ಮೇಲೆ ಕಣಕದ ಸ್ವಭಾವವೇ ಬದಲಾಗುತ್ತದೆ. ಹರಿದುಹೋಗುತ್ತಿದ್ದದ್ದು ಹಿಗ್ಗತೊಡಗುತ್ತದೆ, ಮೇಲ್ಮೈ ನುಣುಪಾಗುತ್ತದೆ. ನಿಂಬೆ ಗಾತ್ರದ ತುಂಡು ತೆಗೆದು ಬೆರಳುಗಳ ನಡುವೆ ಮೆಲ್ಲನೆ ಹಿಗ್ಗಿಸಿ. ಬೆಳಕು ಹಾಯುವಷ್ಟು ತೆಳುವಾದರೂ ಹರಿಯದಿದ್ದರೆ ಸಾಕು. ತಕ್ಷಣ ಹರಿದರೆ ಇನ್ನೂ ಮೂರು ನಿಮಿಷ.

ನಾದುವಾಗ ಮಾತು ಬೇಡವೆನಿಸಿದರೆ ಬೇಡ. ತೋಳು ದಣಿಯುವ ಹೊತ್ತಿಗೆ ಎದೆಯೊಳಗಿನ ಬಿಗಿ ಸ್ವಲ್ಪ ಸಡಿಲವಾಗುವುದನ್ನು ನಾನು ಪ್ರತಿಸಲವೂ ಕಂಡಿದ್ದೇನೆ. ಮಕ್ಕಳಿಗೂ ಒಂದು ತುಂಡು ಕೊಡಿ. ಎದುರುಬದುರು ಕುಳಿತು ಕೇಳಲಾಗದ ಪ್ರಶ್ನೆಗಳನ್ನು ಅವರು ಕೈ ಕೆಲಸದಲ್ಲಿರುವಾಗ ಕೇಳುತ್ತಾರೆ. ಗೊತ್ತಿದ್ದಷ್ಟನ್ನು ನಿಜ ಹೇಳಿ.

ಹಂತ 4: ಮೊದಲ ಉಬ್ಬು, ಮತ್ತು ಸಂಖ್ಯೆಗಳನ್ನು ಓದುವುದು (ಸುಮಾರು 90 ನಿಮಿಷ)

ಎಣ್ಣೆ ಸವರಿದ ಪಾತ್ರೆಯಲ್ಲಿ ಕಣಕವಿಟ್ಟು ಮುಚ್ಚಿ. 26 ಡಿಗ್ರಿಯ ಕೋಣೆಯಲ್ಲಿ ಒಂದೂವರೆ ಗಂಟೆಗೆ ಎರಡರಷ್ಟಾಗುತ್ತದೆ. ಸೆಕೆಯ ದಿನ ಒಂದೇ ಗಂಟೆ ಸಾಕು, ಚಳಿಯಲ್ಲಿ ಎರಡೂವರೆ ಬೇಕಾಗಬಹುದು. ಗಡಿಯಾರವನ್ನಲ್ಲ, ಕಣಕವನ್ನು ನೋಡಿ. ಹಿಟ್ಟಿನಲ್ಲಿ ಅದ್ದಿದ ಬೆರಳನ್ನು ಒತ್ತಿ ತೆಗೆಯಿರಿ. ಗುಳಿ ನಿಧಾನವಾಗಿ ಅರ್ಧ ತುಂಬಿಕೊಂಡರೆ ಸಿದ್ಧ. ಥಟ್ಟನೆ ಮೇಲೆದ್ದರೆ ಇನ್ನೂ ಕಾಯಬೇಕು. ಕುಸಿದು ಹುಳಿ ವಾಸನೆ ಬಂದರೆ ಹೊತ್ತು ಮೀರಿದೆ.

ಈಗ ನೋಟ್‌ಬುಕ್ ತೆರೆಯಿರಿ. ಈ ಒಂದೂವರೆ ಗಂಟೆಯೇ ಈ ಸಂಜೆಯ ನಡು. ಮೊಬೈಲ್ ಬೇಕಾದರೆ ತನ್ನಿ, ಆದರೆ ವಿಡಿಯೊ ನೋಡಲಿಕ್ಕಲ್ಲ, ಬರಹ ಓದಲಿಕ್ಕೆ.

*ಮೊದಲ ಸಂಖ್ಯೆಯನ್ನು ಕೊನೆಯದೆಂದು ನಂಬಬೇಡಿ.* ಮೊದಲ ದಿನ ಎಣಿಕೆಗೆ ಸಿಗುವುದು ರಸ್ತೆ ತಲುಪಿದ ಊರುಗಳು ಮಾತ್ರ. ಅತಿ ಹೆಚ್ಚು ಹಾನಿಯಾದ ಜಾಗದಿಂದ ಸುದ್ದಿಯೇ ಬಂದಿರುವುದಿಲ್ಲ. 2004ರ ಸುನಾಮಿಯಲ್ಲಿ ಮೊದಲ ದಿನ ಸಾವಿರಗಳಲ್ಲಿದ್ದ ಲೆಕ್ಕ ಕೊನೆಗೆ 14 ದೇಶಗಳಲ್ಲಿ ಸುಮಾರು 2,27,000ಕ್ಕೆ ಮುಟ್ಟಿತು. ಕಡಿಮೆ ಸಂಖ್ಯೆ ಕಂಡು ನಿರಾಳರಾಗುವುದು ಸಾಮಾನ್ಯ ತಪ್ಪು. ದೊಡ್ಡ ಸಂಖ್ಯೆಗೂ ಎಚ್ಚರ ಬೇಕು: 2010ರ ಹೈಟಿ ಭೂಕಂಪದಲ್ಲಿ ಸತ್ತವರು ಮೂರು ಲಕ್ಷಕ್ಕೂ ಹೆಚ್ಚು ಎಂದು ಅಲ್ಲಿಯ ಸರ್ಕಾರ ಹೇಳಿತು, ಬೇರೆ ಅಂದಾಜುಗಳು ಒಂದು ಲಕ್ಷಕ್ಕೂ ಕೆಳಗಿವೆ. ಒಬ್ಬೊಬ್ಬರನ್ನಾಗಿ ಎಣಿಸಲಾಗದ ಸಾವುಗಳ ದುಃಖ ಆ ಅಂತರದೊಳಗೇ ಇದೆ.

*ಗಂಟೆಯನ್ನು ನೋಡಿ.* ನೀವು ಬರೆದುಕೊಂಡ ಸಮಯ ಈಗ ಉಪಯೋಗಕ್ಕೆ ಬರುತ್ತದೆ. 2023ರ ಫೆಬ್ರವರಿ 6ರಂದು ಟರ್ಕಿ ಮತ್ತು ಸಿರಿಯಾದ ನೆಲ ನಡುಗಿದ್ದು ಬೆಳಗಿನ ಜಾವ 4:17ಕ್ಕೆ. ಜನ ಹಾಸಿಗೆಯಲ್ಲಿದ್ದರು, ತಲೆಯ ಮೇಲೆ ಎಷ್ಟೋ ಮಹಡಿಗಳಿದ್ದವು. 50,000ಕ್ಕೂ ಹೆಚ್ಚು ಜನ ಸತ್ತರು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಕಂಪಿಸಿದ್ದು ಮಧ್ಯಾಹ್ನ 12ಕ್ಕೆ ನಾಲ್ಕು ನಿಮಿಷ ಇರುವಾಗ, ಶನಿವಾರ. ಅಲ್ಲಿ ಶನಿವಾರ ಶಾಲೆಗೆ ರಜೆ. ಸಾವಿರಾರು ತರಗತಿ ಕೋಣೆಗಳು ಖಾಲಿಯಾಗಿ ಕುಸಿದವು. ಸುಮಾರು 9,000 ಜನ ಸತ್ತ ಆ ದಿನ, ಅದೇ ಶುಕ್ರವಾರವಾಗಿದ್ದರೆ ಎಂದು ಯೋಚಿಸಿದಾಗ ನನಗೆ ಇಂದಿಗೂ ಕೈ ತಣ್ಣಗಾಗುತ್ತದೆ.

*ಯಾರು ಸತ್ತರು ಎಂದು ಕೇಳಿ.* ಸುನಾಮಿಯ ನಂತರ ಇಂಡೊನೇಷ್ಯಾದ "ಆಚೆ" ಎಂಬ ಹೆಸರಿನ ಪ್ರಾಂತ್ಯದ ಹಳ್ಳಿಗಳಲ್ಲಿ ಬದುಕುಳಿದವರನ್ನು ಎಣಿಸಿದ ಆಕ್ಸ್‌ಫ್ಯಾಮ್ ಸಂಸ್ಥೆಗೆ, ಗಂಡಸರಿಗಿಂತ ಹೆಂಗಸರು ಬಹಳ ಹೆಚ್ಚಾಗಿ ಸತ್ತಿರುವುದು ಕಂಡಿತು. ಭಾನುವಾರ ಬೆಳಿಗ್ಗೆ ಗಂಡಸರಲ್ಲಿ ಹಲವರು ಮೀನು ಹಿಡಿಯಲು ಸಮುದ್ರದ ಮೇಲಿದ್ದರು, ಅಲ್ಲಿ ಅಲೆ ದೋಣಿಯ ಕೆಳಗೆ ಹಾದುಹೋಯಿತು. ಹೆಂಗಸರು ದಡದ ಮನೆಗಳಲ್ಲಿ ಮಕ್ಕಳೊಂದಿಗಿದ್ದರು. ಒಂದೇ ಮನೆಯ ಇಬ್ಬರಲ್ಲಿ ಒಬ್ಬರು ಹಿಂತಿರುಗಿ ಬಂದಾಗ ಇನ್ನೊಬ್ಬರು ಇರಲಿಲ್ಲ. ಒಟ್ಟು ಸಂಖ್ಯೆಯನ್ನು ಎಷ್ಟು ಸಲ ಓದಿದರೂ ಈ ಮಾತು ಅದರಲ್ಲಿ ಸಿಗುವುದಿಲ್ಲ.

*ಕೊಂದದ್ದು ಯಾವುದು ಎಂದು ಕೇಳಿ.* 2010ರ ಜನವರಿ 12ರ ಹೈಟಿ ಭೂಕಂಪದ ಪ್ರಮಾಣ 7.0. ಆರೇ ವಾರದ ನಂತರ ಚಿಲಿಯಲ್ಲಿ ಆದದ್ದು 8.8, ಅಂದರೆ ಸುಮಾರು 500 ಪಟ್ಟು ಹೆಚ್ಚು ಶಕ್ತಿ. ಚಿಲಿಯಲ್ಲಿ ಸತ್ತವರು 500ರ ಆಸುಪಾಸು. ಭೂಕಂಪದ ಕೇಂದ್ರ ಊರಿಗೆ ಎಷ್ಟು ಹತ್ತಿರವಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ, ಆದರೆ ಚಿಲಿಯ ಕಟ್ಟಡ ನಿಯಮಗಳು ಬಹುಪಾಲು ಛಾವಣಿಗಳನ್ನು ತಡೆದು ನಿಲ್ಲಿಸಿದವು. ಹೈಟಿಯಲ್ಲಿ ಉಕ್ಕು ಸಾಲದ ಕಾಂಕ್ರೀಟ್ ಜನರ ಮೇಲೆ ಬಿತ್ತು. "ಪ್ರಕೃತಿಯ ಮುನಿಸು" ಎಂಬ ಮಾತು ನಿಮ್ಮ ನೋಟ್‌ಬುಕ್‌ನಲ್ಲಿದ್ದರೆ ಹೊಡೆದುಹಾಕಿ. ಅದು ಗುತ್ತಿಗೆದಾರನನ್ನೂ ಪರವಾನಗಿ ಕೊಟ್ಟವರನ್ನೂ ಮರೆಮಾಡುತ್ತದೆ.

*ಉಳಿದವರು ಹೇಗೆ ಉಳಿದರು ಎಂಬುದನ್ನೂ ಬರೆಯಿರಿ.* ಸುನಾಮಿಯ ಮೂಲಕ್ಕೆ ತೀರ ಹತ್ತಿರವಿದ್ದ ಇಂಡೊನೇಷ್ಯಾದ ಸಿಮೆಯುಲುಯೆ ದ್ವೀಪದಲ್ಲಿ ಸುಮಾರು 78,000 ಜನರಿದ್ದರು, ಸತ್ತವರು ಏಳು. 1907ರ ಅಲೆಯ ನೆನಪನ್ನು ಅವರು "ಸ್ಮಾಂಗ್" ಎಂಬ ಹೆಸರಿನಿಂದ ಮೊಮ್ಮಕ್ಕಳವರೆಗೆ ಹೇಳಿಕೊಂಡು ಬಂದಿದ್ದರು: ನೆಲ ಬಲವಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡು. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರಲ್ಲಿ ಫೈಲಿನ್ ಬರುವ ಮೊದಲೇ ಹತ್ತು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಲಾಯಿತು, ಸಾವು ನೂರನ್ನು ಮುಟ್ಟಲಿಲ್ಲ.

ಈ ಐದರಲ್ಲಿ ಒಂದೆರಡಕ್ಕೆ ಉತ್ತರ ಸಿಕ್ಕರೂ ಒಂದು ಸಂಜೆಗೆ ಸಾಕು. ಸಂಖ್ಯೆ ಓದುವಾಗ ಏನೂ ಅನಿಸದಿದ್ದರೆ, ಓದಿದ ಸಾಲನ್ನೇ ಮೂರನೆಯ ಸಲ ಓದುತ್ತಿದ್ದರೆ, ಅದು ನಿಲ್ಲಿಸಬೇಕೆಂಬ ಸೂಚನೆ. ನೀವೇ ಹಿಂದೊಮ್ಮೆ ಇಂಥದರಲ್ಲಿ ಸಿಲುಕಿದ್ದು ಅದು ಮರುಕಳಿಸಿ ಉಸಿರು ಬಿಗಿದರೆ ಈ ಹಂತವನ್ನು ಪೂರ್ತಿ ಬಿಡಿ, ಯಾರಾದರೂ ಜೊತೆಗಿರಲಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಿ.

ಹಂತ 5: ಉಂಡೆ ಕಟ್ಟುವುದು (10 ನಿಮಿಷದ ಕೆಲಸ, 45 ನಿಮಿಷದ ಬಿಡುವು)

ಉಬ್ಬಿದ ಕಣಕವನ್ನು ನಾಲ್ಕು ಸಮಭಾಗ ಮಾಡಿ. ತೂಗಿದರೆ ಒಂದೊಂದೂ ಸುಮಾರು 210 ಗ್ರಾಂ ಬರುತ್ತದೆ. ಅಂಚುಗಳನ್ನು ಅಡಿಗೆ ಮಡಚುತ್ತ ಮೇಲ್ಮೈ ಬಿಗಿಯಾಗುವಂತೆ ಉಂಡೆ ಕಟ್ಟಿ. ಮೂರನ್ನು ಅಂತರ ಬಿಟ್ಟು ಇಟ್ಟು ಮುಚ್ಚಿ. ನಾಲ್ಕನೆಯದಕ್ಕೆ ಈಗಲೇ ಎಣ್ಣೆ ಸವರಿ, ಗಾಳಿಯಾಡದ ಚೀಲಕ್ಕೆ ಹಾಕಿ ಫ್ರೀಜರ್‌ಗೆ ಇಡಿ. ಚೀಲದ ಮೇಲೆ ವಿಪತ್ತಿನ ದಿನಾಂಕ ಬರೆಯಿರಿ.

ಇದೇ ಹೊತ್ತಿಗೆ ಕಾವಲಿಯನ್ನೋ ಕಲ್ಲನ್ನೋ ಓವನ್ನಿನ ಮೇಲಿನ ಮೂರನೇ ಒಂದು ಭಾಗದಲ್ಲಿಟ್ಟು 250 ಡಿಗ್ರಿಗೆ ಹಚ್ಚಿ. ದೀಪ ಆರಿ "ಬಿಸಿಯಾಯಿತು" ಎಂದು ತೋರಿಸಿದಾಗ ಗಾಳಿ ಮಾತ್ರ ಬಿಸಿಯಾಗಿರುತ್ತದೆ. ಕಲ್ಲು ಕಾಯಲು ಪೂರ್ತಿ 45 ನಿಮಿಷ ಬೇಕು. ತಳ ಬಿಳಿಚಿಕೊಂಡು ಹಸಿಯಾಗಿ ಉಳಿಯಲು ಮುಖ್ಯ ಕಾರಣ ಇದೇ.

ಹಂತ 6: ಸಾಸ್ ಮತ್ತು ಮೇಲಿನವು

ಡಬ್ಬಿಯ ಟೊಮೆಟೊವನ್ನು ಕೈಯಿಂದ ಕಿವುಚಿ, ಹೆಚ್ಚಿನ ರಸ ಸೋಸಿ, ಅರ್ಧ ಚಮಚಕ್ಕಿಂತ ತುಸು ಹೆಚ್ಚು ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಎಣ್ಣೆ ಬೆರೆಸಿ. ಬೇಯಿಸಬೇಕಿಲ್ಲ. ತಾಜಾ ಟೊಮೆಟೊ ಆದರೆ ಸಿಪ್ಪೆ, ಬೀಜ ತೆಗೆದು, ಚಮಚ ಎಳೆದ ಗೆರೆ ಬಾಣಲೆಯಲ್ಲಿ ಹಾಗೆಯೇ ನಿಲ್ಲುವವರೆಗೆ ಕುದಿಸಿ.

ಅಣಬೆ ನೀರು ಬಿಡುತ್ತದೆ, ಮೊದಲೇ ಬಾಡಿಸಿ. ಈರುಳ್ಳಿ, ದೊಣ್ಣೆಮೆಣಸಿನಕಾಯಿ ಕಾಗದದಷ್ಟು ತೆಳುವಾಗಿರಲಿ. ತಾಜಾ ಮೊಝರೆಲ್ಲಾ ಬಳಸುವುದಾದರೆ ಹೋಳು ಮಾಡಿ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿ. ತರಕಾರಿ ಹೇರಿದಷ್ಟೂ ರುಚಿ ಎಂಬ ನಂಬಿಕೆ ಪಿಜ್ಜಾದ ಮಟ್ಟಿಗೆ ಸುಳ್ಳು.

ಹಂತ 7: ಹಿಗ್ಗಿಸಿ, ಜಾರಿಸಿ, ಸುಡುವುದು

ಲಟ್ಟಣಿಗೆ ಬೇಡ. ಒಂದೂವರೆ ಗಂಟೆ ಕಾದು ಪಡೆದ ಗಾಳಿಯನ್ನು ಅದು ಒಂದೇ ಉರುಳಿಗೆ ಹೊರಹಾಕುತ್ತದೆ. ಉಂಡೆಯನ್ನು ಹಿಟ್ಟಿನ ಮೇಲಿಟ್ಟು ನಡುವಿನಿಂದ ಹೊರಕ್ಕೆ ಬೆರಳತುದಿಯಿಂದ ಒತ್ತಿ. ಬೆರಳಗಲ ಅಂಚನ್ನು ಮುಟ್ಟಬೇಡಿ. ನಂತರ ಮುಷ್ಟಿಗಳ ಮೇಲೆ ತೂಗಿ ತಿರುಗಿಸುತ್ತ 25 ಸೆಂಟಿಮೀಟರ್‌ಗೆ ಹಿಗ್ಗಿಸಿ. ಎಳೆದಷ್ಟೂ ಹಿಂದಕ್ಕೆ ಸೆಳೆದುಕೊಂಡರೆ ಜಗ್ಗಾಡಬೇಡಿ, ಹತ್ತು ನಿಮಿಷ ಮುಚ್ಚಿಡಿ.

ಹಲಗೆಗೆ ರವೆ ಉದುರಿಸಿ, ಅದರ ಮೇಲೆ ಹಾಕಿ. ಇಲ್ಲಿಂದ ಬೇಗ ಬೇಗ: ಮೂರು ದೊಡ್ಡ ಚಮಚ ಸಾಸ್, ಚೀಸ್, ಉಳಿದದ್ದು. ಹಲಗೆಯನ್ನು ಅಲುಗಾಡಿಸಿ ನೋಡಿ. ಪಿಜ್ಜಾ ಜಾರದಿದ್ದರೆ ಅಂಟಿದ ಕಡೆ ಅಂಚೆತ್ತಿ ರವೆ ತೂರಿಸಿ. ಹಾಗೆಯೇ ಓವನ್ನಿಗೆ ಒಯ್ದರೆ ಅರ್ಧ ಕಲ್ಲಿನ ಮೇಲೆ, ಅರ್ಧ ಹಲಗೆಯ ಮೇಲೆ ಉಳಿಯುತ್ತದೆ.

8ರಿಂದ 10 ನಿಮಿಷ. ಅಂಚು ಕಂದಾಗಿ, ಚೀಸ್‌ನಲ್ಲಿ ಅಲ್ಲಲ್ಲಿ ಕಂದು ಕಲೆ ಮೂಡಬೇಕು. ಮೇಲೆ ಚೆಂದ ಕಂಡಿತೆಂದು ತೆಗೆಯಬೇಡಿ. ಸಟ್ಟುಗದಿಂದ ಅಂಚೆತ್ತಿ ತಳ ನೋಡಿ, ಬಿಳಿಯಿದ್ದರೆ ಇನ್ನೆರಡು ನಿಮಿಷ. ಬೇಸಿಲ್ ಎಲೆ ಹೊರತೆಗೆದ ಮೇಲೆ ಹಾಕಿ, ಒಳಗೆ ಸುಟ್ಟು ಕಪ್ಪಾಗುತ್ತದೆ. ಮುಂದಿನದನ್ನು ಹಾಕುವ ಮೊದಲು ಕಲ್ಲಿಗೆ ಐದು ನಿಮಿಷ ಕಾವು ಏರಲು ಬಿಡಿ.

ಓವನ್ ಇಲ್ಲದಿದ್ದರೆ ದಪ್ಪ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಹಿಗ್ಗಿಸಿದ ಕಣಕವನ್ನು ಖಾಲಿಯಾಗಿ ಹಾಕಿ, ತಳ ಕಂದಾದ ಕೂಡಲೇ ಮಗುಚಿ. ಬೆಂದ ಬದಿಗೆ ಸಾಸ್, ಚೀಸ್ ಹರಡಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ. ಚೀಸ್ ಕರಗುತ್ತದೆ, ಕಂದಾಗುವುದಿಲ್ಲ.

ಹಂತ 8: ಮೇಜಿನ ಬಳಿ

ಎರಡು ನಿಮಿಷ ಆರಲು ಬಿಟ್ಟು ಕತ್ತರಿಸಿ. ತಿನ್ನುವಾಗ ನೋಟ್‌ಬುಕ್‌ನಿಂದ ಒಂದೇ ಒಂದು ಸಂಗತಿಯನ್ನು ಓದಿ ಹೇಳಿ, ಪೂರ್ತಿ ಪಟ್ಟಿಯನ್ನಲ್ಲ. ಯಾರಾದರೂ ಬೇರೆ ಮಾತು ತೆಗೆದರೆ, ನಕ್ಕರೆ, ತಡೆಯಬೇಡಿ.

ನೆರವು ಕಳುಹಿಸುವ ಮಾತು ಬರುತ್ತದೆ. ಹಳೆಯ ಬಟ್ಟೆ ಬೇಡ. ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಯಾರಿಗೂ ಬೇಡವಾದ ಬಳಸಿದ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದಿದ್ದವು, ಅದನ್ನು ತೆಗೆಯುವುದೇ ಕೆಲಸವಾಯಿತು. ಅಲ್ಲಿಯೇ ಮೊದಲಿನಿಂದ ಕೆಲಸ ಮಾಡುತ್ತಿರುವ ಸಂಸ್ಥೆಗೆ ಹಣ ಕಳುಹಿಸಿ, ಸಾಧ್ಯವಾದರೆ ಅರ್ಧ ಈಗ, ಅರ್ಧ ಎರಡು ತಿಂಗಳ ನಂತರ. ಮೊದಲ ವಾರ ಹರಿದುಬರುವ ಹಣ ಆಮೇಲೆ ಬತ್ತುತ್ತದೆ.

ಹಂತ 9: ನಾಲ್ಕನೆಯ ಉಂಡೆ

ಫ್ರೀಜರ್‌ನಲ್ಲಿ ಕಣಕ ಒಂದು ತಿಂಗಳು ಚೆನ್ನಾಗಿರುತ್ತದೆ. ಆ ಹೊತ್ತಿಗೆ ವಿಪತ್ತು ಸುದ್ದಿಯಿಂದ ಪೂರ್ತಿ ಹೊರಟುಹೋಗಿರುತ್ತದೆ, ಸಾವು ನಿಂತಿರುವುದಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಬಡಿದ ಪೋರ್ಟೊ ರಿಕೊದಲ್ಲಿ ಅಧಿಕೃತ ಲೆಕ್ಕ ತಿಂಗಳುಗಟ್ಟಲೆ 64ರಲ್ಲಿಯೇ ನಿಂತಿತ್ತು. ತಿಂಗಳುಗಳ ಕಾಲ ವಿದ್ಯುತ್ ಇಲ್ಲದೆ, ಔಷಧಿ ಸಿಗದೆ, ಆಸ್ಪತ್ರೆ ತಲುಪಲಾಗದೆ ಸತ್ತವರು ಅದರಲ್ಲಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಸರ್ಕಾರ ಅದನ್ನು 2,975 ಎಂದು ತಿದ್ದಿತು.

ಒಂದು ತಿಂಗಳಾಗುವ ಹಿಂದಿನ ರಾತ್ರಿ ಚೀಲವನ್ನು ಫ್ರೀಜರ್‌ನಿಂದ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ. ಮರುದಿನ ಉಂಡೆಯನ್ನು ಹೊರಗೆ ಮುಚ್ಚಿಟ್ಟು ಎರಡು ಗಂಟೆ ಬಿಡಿ. ಆ ಎರಡು ಗಂಟೆಯಲ್ಲಿ ಅದೇ ನೋಟ್‌ಬುಕ್, ಅದೇ ಪುಟ ತೆರೆದು, ನಾಲ್ಕು ಸಾಲುಗಳ ಪಕ್ಕದಲ್ಲಿ ಹೊಸ ಸಂಖ್ಯೆಗಳನ್ನೂ ಹೊಸ ದಿನಾಂಕವನ್ನೂ ಬರೆಯಿರಿ. ಓವನ್ ಹಚ್ಚುವುದನ್ನು ಮರೆಯಬೇಡಿ, ಕಲ್ಲಿಗೆ 45 ನಿಮಿಷ ಬೇಕು.